ಬಿಸಿನೀರಿನ ಬೋರು, ಅಮ್ಮನ ಕಾಲುಂಗುರ

ಪುತ್ತೂರಿನಿಂದ ಬಂದಿದ್ದ ಅಮ್ಮನಿಗೆ ಸಿಡ್ನಿಯಲ್ಲಿ ನೋಡಬೇಕಾದದ್ದೆಲ್ಲ ಬೇಗನೆ ಮುಗಿದುಹೋಗಿತ್ತು. ಜುಲೈ ತಿಂಗಳ ಚಳಿ, ಅದರ ಜೊತೆಗೆ ಮಂಡಿನೋವು. ಮಗಳ ಶಾಲೆಗೂ ರಜೆ. ನ್ಯೂ ಸೌತ್ ವೇಲ್ಸ್‌ನ ಉತ್ತರದ ಒಳನಾಡಿನಲ್ಲಿ ಕೊಳವೆಬಾವಿಯಿಂದ ತಾನಾಗಿ ಬಿಸಿನೀರು ಉಕ್ಕುವ ಊರುಗಳಿವೆ, ಹೋಗಿ ನೀರಲ್ಲಿ ಕೂತು ಬರೋಣ ಎಂದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸೀರೆ ಉಟ್ಟುಕೊಂಡು ಇಳಿಯಲಿಕ್ಕೆ ಬಿಡ್ತಾರಾ?" ಬಿಡುವುದಿಲ್ಲ ಎಂದು ತಿಳಿದ ಮೇಲೆ ಉದ್ದ ತೋಳಿನ ಈಜುಅಂಗಿ, ಕಾಲು ಮುಚ್ಚುವ ಲೆಗಿಂಗ್ಸ್ ತಂದು ಒಪ್ಪಿಸಿದ್ದಾಯಿತು. ಅಪ್ಪ ಅಡಿಕೆ ತೋಟ ಬಿಟ್ಟು ಬರುವವರಲ್ಲ. ಹಾಗಾಗಿ ಹೊರಟದ್ದು ಅಮ್ಮ, ನಾನು, ನನ್ನವರು, ಮಗಳು, ಜೊತೆಗೆ ಡಿಕ್ಕಿಯಲ್ಲಿ ರೈಸ್ ಕುಕ್ಕರ್, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ. ರೂಮುಗಳನ್ನು ಮೊದಲೇ ಕಾದಿರಿಸಿದ್ದೆವು. ಚಳಿ ತಪ್ಪಿಸಿಕೊಳ್ಳಲು ನಿವೃತ್ತರೆಲ್ಲ ಕ್ಯಾರವಾನ್ ಎಳೆದುಕೊಂಡು ಉತ್ತರಕ್ಕೆ ಹೊರಡುವ ಕಾಲ ಇದು, ಸುಮ್ಮನೆ ಹೋಗಿ ಇಳಿದರೆ ಜಾಗ ಸಿಗುವ ಭರವಸೆ ಇಲ್ಲ.

ಮೊದಲ ದಿನ: ಗನ್ನೆಡಾ

ಹಂಟರ್ ಕಣಿವೆ ದಾಟಿ ವಿಲ್ಲೋ ಟ್ರೀ ಎಂಬಲ್ಲಿ ಕಮಿಲರಾಯ್ ಹೆದ್ದಾರಿಗೆ ತಿರುಗಿದ ಮೇಲೆ ಊರಿನ ಗಜಿಬಿಜಿ ಕಳೆಯುತ್ತದೆ. ಲಿವರ್‌ಪೂಲ್ ಬಯಲು ಶುರು. ಕಣ್ಣು ಹಾಯುವವರೆಗೂ ಎರೆಮಣ್ಣು, ಅದರ ಮೇಲೆ ಗೇಣುದ್ದ ಬೆಳೆದ ಗೋಧಿ. ಕೆಂಪು ಮುರಕಲ್ಲಿನ ಊರಿನವಳಾದ ಅಮ್ಮ ಕಾರು ನಿಲ್ಲಿಸಿ, ಇಳಿದು, ಒಂದು ಹಿಡಿ ಮಣ್ಣು ಹಿಚುಕಿ ನೋಡಿದಳು. "ಇಷ್ಟು ಮಣ್ಣು ಇಟ್ಟುಕೊಂಡು ಒಂದು ಮನೆ ಕಾಣುವುದಿಲ್ಲವಲ್ಲ!"

ಗನ್ನೆಡಾ ತನ್ನನ್ನು ಕೋಆಲಾಗಳ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ನಮಗೆ ಒಂದೂ ಕಾಣಲಿಲ್ಲ. ಐದು ಗಂಟೆ ದಾಟುತ್ತಿದ್ದಂತೆ ಕತ್ತಲು. ಆಮೇಲೆ ಕಾಂಗರೂಗಳು ರಸ್ತೆಗೆ ಬರುವುದರಿಂದ ನಾಲ್ಕೂವರೆಗೇ ಮೋಟೆಲ್ ಸೇರುವುದು ಎಂದು ಹೊರಡುವಾಗಲೇ ನಿಯಮ ಮಾಡಿಕೊಂಡಿದ್ದೆವು. ಒಳನಾಡಿನಲ್ಲಿ ಸಸ್ಯಾಹಾರಿಗಳಿಗೆ ಗತಿ ಎಂದರೆ ಊರಿನ ಕ್ಲಬ್ಬಿನೊಳಗಿನ ಚೀನೀ ಹೋಟೆಲ್. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಸಹಿ ಹಾಕಿ ಒಳಗೆ ಹೋಗಬೇಕು. ಮೊಟ್ಟೆ ಹಾಕದ ಫ್ರೈಡ್ ರೈಸ್ ಕೇಳಿದರೆ ಅಡುಗೆಯವರು ಹೊಸದಾಗಿ ಮಾಡಿಕೊಡುತ್ತಾರೆ. ಅದಕ್ಕೆ ಅಮ್ಮ ಕೈಚೀಲದಿಂದ ಉಪ್ಪಿನಕಾಯಿ ತೆಗೆದಳು.

ಎರಡನೇ ದಿನ: ನ್ಯಾರಬ್ರೈ, ಮೊರೀ

ನ್ಯಾರಬ್ರೈ ಊರಿನ ಹೊರಗೆ ಬಯಲಲ್ಲಿ ಆರು ಬಿಳಿ ಡಿಶ್‌ಗಳಿವೆ, ಒಂದೊಂದೂ 22 ಮೀಟರ್ ಅಗಲ. 1988ರಲ್ಲಿ ಆರಂಭವಾದ ರೇಡಿಯೊ ದೂರದರ್ಶಕ ಇದು. ಗೇಟಿನ ಹತ್ತಿರವೇ ಮೊಬೈಲ್ ಆಫ್ ಮಾಡಲು ಫಲಕ. ಆಕಾಶದಿಂದ ಬರುವ ಸಂಕೇತ ಅಷ್ಟು ಕ್ಷೀಣ, ನಮ್ಮ ಜೇಬಿನ ಫೋನೇ ಅದನ್ನು ಕೆಡಿಸಬಲ್ಲದು. ನಾವು ನೋಡುತ್ತಿದ್ದಂತೆಯೇ ಎಲ್ಲ ಡಿಶ್‌ಗಳೂ ಸದ್ದಿಲ್ಲದೆ ಒಟ್ಟಿಗೆ ಕತ್ತು ತಿರುಗಿಸಿದವು. ಮಗಳು ಕಿರುಚಿದ ರೀತಿಗೆ ಪಕ್ಕದ ಮರದ ಗಲಾ ಗಿಳಿಗಳು ಎದ್ದು ಹಾರಿದವು.

ಅಲ್ಲಿಂದ ಮೊರೀಗೆ ಹೋಗುವ ನ್ಯೂವೆಲ್ ಹೆದ್ದಾರಿಯಲ್ಲಿ ಬೆಲ್ಲಾಟಾ ಎಂಬ ಪುಟ್ಟ ಊರು ಸಿಗುತ್ತದೆ. ರಸ್ತೆ ಬದಿ ಪ್ಲೂಟೊ! ದಕ್ಷಿಣಕ್ಕೆ ದೂರದ ಬೆಟ್ಟದ ಮೇಲಿರುವ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದ 37 ಮೀಟರ್ ಗುಮ್ಮಟವನ್ನೇ ಸೂರ್ಯ ಎಂದಿಟ್ಟುಕೊಂಡು, 3.8 ಕೋಟಿ ಪಟ್ಟು ಕುಗ್ಗಿಸಿದ ಲೆಕ್ಕದಲ್ಲಿ ಗ್ರಹಗಳನ್ನು ರಸ್ತೆಗಳ ಉದ್ದಕ್ಕೂ ಫಲಕಗಳಲ್ಲಿ ನಿಲ್ಲಿಸಿದ್ದಾರೆ. ಮಗಳು ಉಳಿದ ಗ್ರಹಗಳನ್ನು ಹುಡುಕುವ ಹಟ ಹಿಡಿದಳು. ನಾವು ಹೋಗುತ್ತಿದ್ದದ್ದು ಸೌರಮಂಡಲದಿಂದ ಆಚೆಗೆ ಎಂದು ಸಮಾಧಾನ ಮಾಡಬೇಕಾಯಿತು.

ಮೊರೀ ಹತ್ತಿ ಬೆಳೆಯುವ ಊರು. ಕೊಯ್ಲು ಮುಗಿದು ರಸ್ತೆಯ ಎರಡೂ ಬದಿ ಹುಲ್ಲಿಗೆ ಅರಳೆ ಸಿಕ್ಕಿಕೊಂಡಿತ್ತು. ಹೊಲಗಳ ಅಂಚಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಹತ್ತಿಯ ದೊಡ್ಡ ಉರುಳೆಗಳು. ಈ ಊರಿನವರು 1895ರಲ್ಲಿ ಬೋರ್ ಕೊರೆಸಿದ್ದು ಬೇಸಾಯಕ್ಕೆ. ಬಂದ ನೀರು ಸುಡುತ್ತಿತ್ತು, ಅದರಲ್ಲಿ ಲವಣವೂ ಜಾಸ್ತಿ. ಹೊಲಕ್ಕೆ ಬಾರದ ನೀರಿನಲ್ಲಿ ಊರವರು ಸ್ನಾನಕ್ಕೆ ಇಳಿದರು.

ಈ ನೀರು ಬರುವುದು ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ನೆಲದಡಿಯ ಜಲಾಶಯದಿಂದ. ಸುಮಾರು 17 ಲಕ್ಷ ಚದರ ಕಿಲೋಮೀಟರ್, ಅಂದರೆ ಒಂಬತ್ತು ಕರ್ನಾಟಕಗಳನ್ನು ಜೋಡಿಸಿಟ್ಟಷ್ಟು. ಪೂರ್ವದ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ಮರಳುಗಲ್ಲಿನೊಳಗೆ ಇಳಿದು, ವರ್ಷಕ್ಕೆ ಕೆಲವೇ ಮೀಟರಿನಂತೆ ಪಶ್ಚಿಮಕ್ಕೆ ಜರಗುತ್ತದೆ. ಮೇಲೆ ನೀರು ಬಿಡದ ಕಲ್ಲಿನ ಪದರ ಒತ್ತಿ ಹಿಡಿದಿರುವುದರಿಂದ, ಕೊರೆದರೆ ಒತ್ತಡಕ್ಕೆ ತಾನೇ ಮೇಲೇರುತ್ತದೆ. ಆಳ ಹೆಚ್ಚಿದಷ್ಟೂ ಬಿಸಿ. ಸಾವಿರ ಅಡಿ ಕೊರೆಸಿ ಧೂಳು ಮಾತ್ರ ಕಂಡ ನೆಂಟರು ನಮ್ಮ ಕಡೆ ಎಷ್ಟೋ ಮಂದಿ ಇದ್ದಾರೆ. ಮೋಟಾರೂ ಬೇಡದ ಈ ಬೋರಿನ ಕಥೆ ಕೇಳಿ ಅಮ್ಮನಿಗೆ ಹೊಟ್ಟೆಕಿಚ್ಚೇ ಆಯಿತು.

ಮೊರೀಯ ಕೊಳಗಳು ಊರ ನಡುವಿನ ದೊಡ್ಡ ಈಜು ಸಂಕೀರ್ಣದೊಳಗಿವೆ, ಟಿಕೆಟ್ ಉಂಟು. ಬಿಸಿ ಕೊಳದ ನೀರು ಸುಮಾರು 41 ಡಿಗ್ರಿ. ಅಮ್ಮ ಮೆಟ್ಟಿಲ ಕಂಬಿ ಹಿಡಿದು ಮೊಣಕಾಲವರೆಗೆ ಇಳಿದಳು, ನಿಂತಳು, ಸುತ್ತ ನೋಡಿದಳು, ಮತ್ತೆ ಕುತ್ತಿಗೆಯವರೆಗೆ. ಪಕ್ಕದಲ್ಲಿದ್ದದ್ದು ಮೆಲ್ಬರ್ನ್‌ನಿಂದ ಬಂದಿದ್ದ ಗ್ರೀಕ್ ಅಜ್ಜಿ. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಮ್ಮನಿಗೂ ಅಷ್ಟಕ್ಕಷ್ಟೆ. ಇಬ್ಬರೂ ಒಬ್ಬರಿಗೊಬ್ಬರು ಮಂಡಿ ತೋರಿಸಿಕೊಂಡರು. ಅಜ್ಜಿಯದು ಎರಡೂ ಬದಲಿಸಿದ ಮಂಡಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿಯಬೇಕು, ಇಲ್ಲದಿದ್ದರೆ ತಲೆ ತಿರುಗುತ್ತದೆ ಎಂದು ಆಕೆ ಅಭಿನಯಿಸಿಯೇ ಹೇಳಿದಳು. ನಮಗೆ ಆ ಪ್ರವಾಸದಲ್ಲಿ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದು.

ಇದೇ ಕೊಳಕ್ಕೆ ಇನ್ನೊಂದು ಚರಿತ್ರೆ ಇದೆ. ಮಗಳು ಅದನ್ನು ಶಾಲೆಯಲ್ಲಿ ಓದಿದ್ದಳು. 1955ರಲ್ಲಿ ಇಲ್ಲಿನ ನಗರಸಭೆ ಮೂಲನಿವಾಸಿಗಳು ಇಲ್ಲಿ ಈಜುವಂತಿಲ್ಲ ಎಂದು ನಿರ್ಣಯ ಮಾಡಿತ್ತು. 1965ರ ಫೆಬ್ರವರಿಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚಾರ್ಲ್ಸ್ ಪರ್ಕಿನ್ಸ್ ಮುಂದಾಳತ್ವದಲ್ಲಿ ಬಸ್ಸು ಮಾಡಿಕೊಂಡು ಒಳನಾಡಿನ ಊರೂರು ಸುತ್ತಿದರು. ಅದೇ ಫ್ರೀಡಂ ರೈಡ್. ಪರ್ಕಿನ್ಸ್ ಸ್ವತಃ ಮೂಲನಿವಾಸಿ. ಅವರು ಇಲ್ಲಿನ ಮೂಲನಿವಾಸಿ ಮಕ್ಕಳನ್ನು ಕರೆದುಕೊಂಡು ಇದೇ ಗೇಟಿಗೆ ಬಂದು ಒಳಗೆ ಬಿಡಿ ಎಂದು ನಿಂತರು. ಸೇರಿದ ಜನ ಮೊಟ್ಟೆ, ಟೊಮೆಟೊ ಎಸೆದರು. ದೇಶವೆಲ್ಲ ಸುದ್ದಿಯಾಯಿತು. 2013ರಲ್ಲಿ ಈ ಜಾಗ ರಾಷ್ಟ್ರೀಯ ಪರಂಪರೆಯ ಪಟ್ಟಿ ಸೇರಿತು. ಮಗಳು ಇದನ್ನೆಲ್ಲ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಅಜ್ಜಿಗೆ ವಿವರಿಸಿದಳು. ಅಮ್ಮ ಅವಳನ್ನೇ ನೋಡುತ್ತಾ ಕೇಳಿಸಿಕೊಂಡಳು. ನಮ್ಮೂರಿನ ಬಾವಿಕಟ್ಟೆಗೆ ಯಾರು ಹತ್ತಬಹುದಿತ್ತು, ಯಾರಿಗೆ ದೂರ ನಿಲ್ಲಿಸಿ ನೀರು ಹೊಯ್ಯುತ್ತಿದ್ದರು ಎಂಬುದು ಅವಳು ಕಣ್ಣಾರೆ ಕಂಡದ್ದು. "ನಮ್ಮ ಮನೆಯಲ್ಲಿಯೂ ಇತ್ತು," ಎಂದಷ್ಟೇ ಹೇಳಿದಳು. ಆ ಸಂಜೆ ಬಿಸಿ ಕೊಳದ ಪಕ್ಕದ ದೊಡ್ಡ ಕೊಳದಲ್ಲಿ ಮೂಲನಿವಾಸಿ ಹುಡುಗರ ಗುಂಪೊಂದು ಯಾರು ಹೆಚ್ಚು ನೀರು ಚಿಮ್ಮಿಸುತ್ತಾರೆ ಎಂದು ಪಂದ್ಯ ಕಟ್ಟಿ ಹಾರುತ್ತಿತ್ತು. ಮಗಳೂ ಸೇರಿಕೊಂಡಳು.

ಮೂರನೇ ದಿನ: ರಸ್ತೆ

ಮೊರೀಯಿಂದ ಕಲರೆನೆಬ್ರೈ, ಅಲ್ಲಿಂದ ವಾಲ್ಗೆಟ್, ಆಮೇಲೆ ನೇರ ಉತ್ತರಕ್ಕೆ ಲೈಟ್ನಿಂಗ್ ರಿಡ್ಜ್. ಇಲ್ಲಿ ರಸ್ತೆ ನೇರ ಎಂದರೆ ನಿಜಕ್ಕೂ ನೇರ. ಎಮುಗಳು ಬೇಲಿಯುದ್ದಕ್ಕೂ ನಮ್ಮ ಜೊತೆ ಓಡಿ, ಇದ್ದಕ್ಕಿದ್ದಂತೆ ಆಸಕ್ತಿ ಕಳೆದುಕೊಂಡು ನಿಂತುಬಿಡುತ್ತಿದ್ದವು. ಮೊಬೈಲ್ ಸಿಗ್ನಲ್ ಊರು ಬಂದಾಗ ಬರುತ್ತದೆ, ಊರಿನ ಜೊತೆಗೇ ಹೋಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರಿಂದ ಬಚಾವ್.

ಕಲರೆನೆಬ್ರೈ ದಾಟಿದ ಮೇಲೆ ಎದುರಿನಿಂದ ಮೂರು ಟ್ರೇಲರ್‌ಗಳ ರೋಡ್ ಟ್ರೇನ್ ಎಂಬ ಉದ್ದದ ಲಾರಿ ಬಂತು. ನನ್ನವರು ವೇಗ ತಗ್ಗಿಸಿ ಎಡಕ್ಕೆ ಸರಿದರು. ಆದರೂ ಟಪ್ ಎಂದು ಒಂದು ಕಲ್ಲು ಮುಂದಿನ ಗಾಜಿಗೆ ಬಡಿಯಿತು. ಅವರೆಕಾಳಿನಷ್ಟು ಗಾತ್ರದ ಗುರುತು, ಅದರಿಂದ ಹೊರಟ ಮೂರು ಗೆರೆ. ವಾಲ್ಗೆಟ್‌ನ ಪೆಟ್ರೋಲ್ ಬಂಕಿನಲ್ಲಿ ಕೌಂಟರಿನಲ್ಲಿದ್ದದ್ದು ಪಂಜಾಬಿನ ಹುಡುಗ. ನಮ್ಮನ್ನು ಕಂಡು ಹಿಂದಿಯಲ್ಲಿ ಮಾತು ಶುರು ಮಾಡಿದ. ಗಾಜು ನೋಡಿ, ಒಳಗೆ ಹೋಗಿ ಪಾರದರ್ಶಕ ಟೇಪು ತಂದು ಬಿರುಕಿನ ಮೇಲೆ ಅಂಟಿಸಿದ. ಧೂಳು, ನೀರು ಒಳಹೊಕ್ಕರೆ ಆಮೇಲೆ ಅಂಟು ತುಂಬಿಸಲಾಗುವುದಿಲ್ಲವಂತೆ. "ಬೆಳಿಗ್ಗೆ ಹಿಮ ಬಿದ್ದಿದ್ದರೆ ಗಾಜಿಗೆ ಬಿಸಿಗಾಳಿ ಬಿಡಬೇಡಿ ಅಣ್ಣ, ತಾನಾಗಿ ಕರಗಲಿ" ಎಂದೂ ಹೇಳಿದ. ದುಡ್ಡು ತೆಗೆದುಕೊಳ್ಳಲಿಲ್ಲ. ಅಮ್ಮ ಅವನಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟಳು. ಅವನು ಅಲ್ಲೇ ಮುಚ್ಚಳ ತೆಗೆದ.

ಲೈಟ್ನಿಂಗ್ ರಿಡ್ಜ್

ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಹಳೆಯ ಕಾರಿನ ಬಿಡಿಭಾಗಗಳಿಂದ ಮಾಡಿದ ದೈತ್ಯ ಎಮು ನಿಂತಿದೆ. ಊರ ಫಲಕದಲ್ಲಿ ಜನಸಂಖ್ಯೆ ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ. ಗಣಿಗಾರರು ಲೆಕ್ಕಕ್ಕೆ ಸಿಗುವವರಲ್ಲ. ಕಪ್ಪು ಓಪಲ್ ಎಂಬ ರತ್ನಕ್ಕೆ ಜಗತ್ತಿನಲ್ಲೇ ಹೆಸರಾದ ಊರು ಇದು. ಇಪ್ಪತ್ತನೇ ಶತಮಾನದ ಆರಂಭದಿಂದ ಇಲ್ಲಿ ಅಗೆಯುತ್ತಿದ್ದಾರೆ. ಒಂದು ಕ್ಲೇಮ್ ಎಂದರೆ ಅಗೆಯುವ ಹಕ್ಕಿರುವ 50 ಮೀಟರ್ ಉದ್ದ, 50 ಮೀಟರ್ ಅಗಲದ ಜಾಗ. ಅದರಲ್ಲೊಂದು ಗುಂಡಿ, ಪಕ್ಕದಲ್ಲಿ ಬಿಳಿ ಮಣ್ಣಿನ ರಾಶಿ, ತಗಡಿನ ಗುಡಿಸಲು. ಸುತ್ತಾಡಲು ದಾರಿಗಳನ್ನು ಹಳೆಯ ಕಾರಿನ ಬಾಗಿಲುಗಳಿಗೆ ಬಣ್ಣ ಬಳಿದು ಮರಕ್ಕೆ ಕಟ್ಟಿ ಗುರುತು ಮಾಡಿದ್ದಾರೆ. ಹಸಿರು ಬಾಗಿಲು ಹಿಡಿದು ಹೋದರೆ ಹಸಿರು ದಾರಿ, ನೀಲಿ ಹಿಡಿದರೆ ನೀಲಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಸ್ಪಷ್ಟವಾದ ಮಾರ್ಗಸೂಚಿ ನಾನು ಎಲ್ಲೂ ನೋಡಿಲ್ಲ.

ಬೋರ್ ಬಾತ್ ಊರ ಅಂಚಿನಲ್ಲಿದೆ. ದುಂಡಗಿನ ಬಯಲು ಕೊಳ, ಟಿಕೆಟ್ ಇಲ್ಲ, ರಾತ್ರಿಯಿಡೀ ತೆರೆದಿರುತ್ತದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತೊಳೆಯಲು ಮುಚ್ಚುತ್ತಾರೆ. ಅದಕ್ಕೇ ಅಮ್ಮ ಬೆಳಗಿನ ಜಾವ ಐದೂವರೆಗೆ ನಮ್ಮನ್ನೆಲ್ಲ ಎಬ್ಬಿಸಿದ್ದು. ಹೊರಗೆ ಎರಡು ಡಿಗ್ರಿ, ನೀರು 40ಕ್ಕಿಂತ ಮೇಲೆ. ಹಬೆಯಲ್ಲಿ ಎದುರು ಕೂತವರ ಮುಖ ಕಾಣುವುದಿಲ್ಲ, ತಲೆಯ ಉಣ್ಣೆ ಟೋಪಿ ಮಾತ್ರ. ಮೂಗಿಗೆ ಗಂಧಕದ ವಾಸನೆ. ಅಮ್ಮ ಉಸಿರೆಳೆದು, "ಎಂತ ಮಾರಾಯ್ತಿ, ಇದು ನಮ್ಮ ಇರ್ದೆಯ ಬೆಂದ್ರು ತೀರ್ಥದ್ದೇ ವಾಸನೆ!" ಎಂದಳು. ಪುತ್ತೂರಿನ ಹತ್ತಿರದ ಆ ಬಿಸಿನೀರಿನ ಬುಗ್ಗೆಯಲ್ಲಿ ಅವಳು ಮದುವೆಗೆ ಮುಂಚೆ ಮಿಂದಿದ್ದಳಂತೆ. ನಾನು ಹುಟ್ಟಿ ಬೆಳೆದದ್ದು ಅಲ್ಲೇ ಆದರೂ ಒಮ್ಮೆಯೂ ಹೋಗಿಲ್ಲ.

ಹಬೆಯೊಳಗಿಂದ ಒಂದು ದನಿ ನಾವು ಯಾವ ಭಾಷೆ ಆಡುತ್ತಿದ್ದೇವೆ ಎಂದು ಕೇಳಿತು. ಬೆಳಕಾಗುತ್ತಾ ಮುಖವೂ ಕಂಡಿತು. ಎಪ್ಪತ್ತು ದಾಟಿದ ಗಣಿಗಾರ, ಹಿಂದಿನ ಯುಗೊಸ್ಲಾವಿಯಾದಿಂದ ಬಂದವನು. ಗೆಳೆಯನ ಜೊತೆ ವಾರಾಂತ್ಯಕ್ಕೆಂದು ಬಂದವನು ಹಿಂತಿರುಗಲೇ ಇಲ್ಲವಂತೆ. ಹೆಸರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಲ್ಲಿ ಕೇಳುವುದು ಸಭ್ಯತೆಯಲ್ಲ ಎಂದು ಅಷ್ಟರಲ್ಲಿ ಅರ್ಥವಾಗಿತ್ತು. ಓಪಲ್ ಸಿಕ್ಕಿತಾ ಎಂದು ನನ್ನವರು ಕೇಳಿದ್ದಕ್ಕೆ, "ಸಿಕ್ಕಿದ್ದರೆ ನಿನಗೆ ಹೇಳುತ್ತಿದ್ದೆನೇ?" ಎಂದು ನಕ್ಕ. ಒಳ್ಳೆಯ ಕಲ್ಲು ಕಂಡಿತೆಂಬ ಸುದ್ದಿ ಹಬ್ಬಿದರೆ ರಾತ್ರಿ ಬೇರೆಯವರ ಗುಂಡಿಗಿಳಿದು ಕದಿಯುವವರಿದ್ದಾರಂತೆ. ಅವರನ್ನು ಇಲ್ಲಿ ರ್‍ಯಾಟರ್‌ಗಳು ಎನ್ನುತ್ತಾರೆ. ಅಮ್ಮ ತನ್ನ ಪಕ್ಕದ ಮನೆಯವಳಿಗೆ ಶುಕ್ರದೆಸೆಗೆಂದು ಜೋಯಿಸರು ಓಪಲ್ ಉಂಗುರ ಹಾಕಿಸಿದ್ದನ್ನು ನನ್ನ ಮೂಲಕ ಹೇಳಿದಳು. ಅವನು ಗಂಭೀರವಾಗಿ ಕೇಳಿಸಿಕೊಂಡ. "ಅದು ಒಂದೇ ತುಂಡೋ, ಅಂಟಿಸಿದ್ದೋ ನೋಡಲು ಹೇಳಿ. ಅಂಚಿನಿಂದ ನೋಡಬೇಕು. ತೆಳ್ಳಗಿನ ಪದರಕ್ಕೆ ಕೆಳಗೆ ಕಪ್ಪು ಕಲ್ಲು, ಮೇಲೆ ಗಾಜು ಅಂಟಿಸಿ ಮಾರುತ್ತಾರೆ. ನೀರಲ್ಲಿಟ್ಟರೆ ಬಿಟ್ಟುಕೊಳ್ಳುತ್ತದೆ." ಅಮ್ಮನಿಗೆ ಈಗ ಊರಿಗೆ ಹೋಗಿ ಮಾಡಲು ಒಂದು ಕೆಲಸ ಸಿಕ್ಕಿತು.

ನೀರಿನಿಂದ ಎದ್ದಾಗಲೇ ಕಂಡದ್ದು. ಅಮ್ಮನ ಬೆಳ್ಳಿ ಕಾಲುಂಗುರ ಎರಡೂ ಕಪ್ಪಾಗಿದ್ದವು. ಬರೀ ಮಾಸಿದ್ದಲ್ಲ, ಮಸಿ ಬಳಿದಂತೆ, ಅಂಚಿನಲ್ಲಿ ಮಾತ್ರ ನೇರಳೆ ಛಾಯೆ. ನೀರಿನಲ್ಲಿರುವ ಗಂಧಕದ ಅನಿಲ ಬೆಳ್ಳಿಯ ಜೊತೆ ಸೇರಿ ಮಾಡಿದ ಕೆಲಸ. ಅಮ್ಮನ ಮುಖವೂ ಕಪ್ಪಿಟ್ಟಿತು. ಮೋಟೆಲ್‌ಗೆ ಬಂದು ವಿಭೂತಿ ಹಾಕಿ ತಿಕ್ಕಿದಳು, ಆಮೇಲೆ ಹಲ್ಲುಜ್ಜುವ ಪೇಸ್ಟು. ಮೇಲಿನ ಭಾಗ ಬೆಳ್ಳಗಾಯಿತು, ಕೆತ್ತನೆಯ ಗೆರೆಗಳೊಳಗೆ ಕಪ್ಪು ಹಾಗೇ ಉಳಿಯಿತು.

ಹಗಲಿಡೀ ಮಗಳದ್ದು ಓಪಲ್ ಬೇಟೆ. ಸಾರ್ವಜನಿಕರು ಕೆದಕಬಹುದಾದ ಮಣ್ಣಿನ ರಾಶಿಗಳಿವೆ. ಗಣಿಗುಂಡಿಗಳ ಹತ್ತಿರ ಮಾತ್ರ ಹಿಂದೆ ಹೆಜ್ಜೆ ಇಟ್ಟು ಫೋಟೊ ತೆಗೆಯಬಾರದು, ಬೇಲಿ ಇಲ್ಲದ ಗುಂಡಿಗಳಿವೆ. ಕೈಯಲ್ಲೊಂದು ನೀರಿನ ಸ್ಪ್ರೇ ಬಾಟಲಿ ಇರಬೇಕು, ಒಣಗಿದ ಕಲ್ಲು ತನ್ನ ಬಣ್ಣ ತೋರಿಸುವುದಿಲ್ಲ. ಮೂರು ಗಂಟೆ ನೊಣ ಓಡಿಸಿಕೊಂಡು ಕೆದಕಿದ ಮೇಲೆ ಅವಳಿಗೆ ಉಗುರಗಲದ ಬೂದು ಬಣ್ಣದ ತುಂಡೊಂದು ಸಿಕ್ಕಿತು. ನೀರು ಹಾಕಿ ಬಿಸಿಲಿಗೆ ಓರೆಯಾಗಿ ಹಿಡಿದರೆ ಅದರೊಳಗೆ ಕೂದಲೆಳೆಯಷ್ಟು ನೀಲಿ ಗೆರೆ. ಬಣ್ಣವಾಡದ ಇಂಥ ಓಪಲ್‌ಗೆ ಇಲ್ಲಿನವರು ಪಾಚ್ ಎನ್ನುತ್ತಾರೆ, ಕಾಸಿನ ಬೆಲೆ ಇಲ್ಲ. ಅವಳಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮದ ಪದರ. ಪಂಜಾಬಿ ಹುಡುಗನ ಮಾತು ನೆನಪಿತ್ತು, ಬಿಸಿಲು ಬೀಳುವವರೆಗೆ ಕಾದೆವು. ಆದರೂ ಒಂದು ಗೆರೆ ಗೇಣುದ್ದ ಓಡಿತ್ತು. ಗಾಜು ತನ್ನಿಷ್ಟ ಬಂದಂತೆ ಮಾಡುತ್ತದೆ.

ಪಿಲಿಗಾ

ಕಮ್ ಬೈ ಚಾನ್ಸ್ ಎಂಬ ಊರಿನ ಮೂಲಕ ಹೋಗುವ ಆಸೆಯಿತ್ತು. ಹೆಸರಿಗಾಗಿಯೇ. ರಾತ್ರಿ ಹನಿ ಬಿದ್ದಿದ್ದರಿಂದ ಮೋಟೆಲ್‌ನವರು ಬೇಡ ಎಂದರು. ಎರೆಮಣ್ಣಿನ ಕಚ್ಚಾ ರಸ್ತೆ ನೆನೆದರೆ ಚಕ್ರಕ್ಕೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಡಾಂಬರು ದಾರಿ ಹಿಡಿದು ಬರ್ರೆನ್ ಜಂಕ್ಷನ್ ಕಡೆಯಿಂದ ಹೋದೆವು. ಅಲ್ಲೂ ಒಂದು ಬೋರ್ ಬಾತ್ ಇದೆ, ಕ್ಯಾರವಾನ್‌ಗಳ ಸಂತೆ ಕಂಡು ಮುಂದೆ ಸಾಗಿದೆವು.

ಪಿಲಿಗಾದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಊರಿಂದ ತುಸು ಹೊರಗೆ, ಮರಗಳ ನಡುವೆ ಒಂದು ಸಾದಾ ಕೊಳ. ನೀರು ಮೈಬಿಸಿಯಷ್ಟೇ, 37 ಡಿಗ್ರಿ, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಇದರ ಬೋರು 1902ರದ್ದು. ಕಾಲುಂಗುರವನ್ನು ಅಮ್ಮ ಮೊದಲೇ ಬಿಚ್ಚಿ ಪರ್ಸಿನಲ್ಲಿಟ್ಟಿದ್ದಳು. ಹಾಗೆ ಬಿಚ್ಚಬಾರದು ಎಂಬ ಕಸಿವಿಸಿಯೂ ಇತ್ತು.

ನೀರಲ್ಲಿ ನಮ್ಮ ಪಕ್ಕ ಕೂತಿದ್ದ ಹೆಂಗಸು ಗೋಧಿ ಹೊಲವನ್ನು ಮಗನಿಗೆ ಬಿಟ್ಟು ಗಂಡನ ಜೊತೆ ಕ್ಯಾರವಾನ್ ಹತ್ತಿದವಳು. ಅವಳ ಬಾಲ್ಯದಲ್ಲಿ ಅವರ ಜಮೀನಿನ ಬೋರಿಗೆ ಮುಚ್ಚಳವೇ ಇರಲಿಲ್ಲವಂತೆ. ನೀರು ಹಗಲೂ ರಾತ್ರಿ ಹರಿದು, ಮೈಲಿಗಟ್ಟಲೆ ತೆರೆದ ಕಾಲುವೆಯಲ್ಲಿ ದನಕುರಿಗಳಿಗೆ ಹೋಗುತ್ತಿತ್ತು. ಅದರಲ್ಲಿ ತೊಂಬತ್ತು ಪಾಲು ಆವಿಯಾಗಿ, ಇಂಗಿ ಹೋಗುತ್ತಿದ್ದದ್ದೇ. ಕ್ರಮೇಣ ಒತ್ತಡ ಇಳಿದು ಎಷ್ಟೋ ಬೋರುಗಳು, ಬುಗ್ಗೆಗಳು ನಿಂತವು. ಆಮೇಲೆ ಸರ್ಕಾರವೂ ದುಡ್ಡು ಹಾಕಿ ಬೋರುಗಳಿಗೆ ಮುಚ್ಚಳ, ಕಾಲುವೆಗಳ ಬದಲು ಕೊಳವೆ ಹಾಕಿಸಿತು. "ಅಪ್ಪ ಬದುಕಿದ್ದಷ್ಟು ದಿನ ಬೈಯುತ್ತಿದ್ದ, ನೀರಿಗೆ ನಲ್ಲಿ ಹಾಕುವುದುಂಟೇ ಅಂತ," ಎಂದಳು. ಅಮ್ಮನಿಗೆ ಅನುವಾದಿಸಿದಾಗ ಅವಳೂ ತಲೆಯಾಡಿಸಿದಳು. ಅಂಥ ಗಂಡಸರು ಅವಳಿಗೆ ಹೊಸಬರಲ್ಲ.

ಕಾಲುಂಗುರದ ಕಥೆ ಕೇಳಿದ್ದೇ ಆಕೆ ಎದ್ದು ಕ್ಯಾರವಾನ್‌ಗೆ ಹೋಗಿ ಒಂದು ಬಟ್ಟಲು, ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ ತಂದಳು. ಬಟ್ಟಲಿಗೆ ಹಾಳೆ ಹಾಸಿ, ಕುದಿನೀರು ಹೊಯ್ದು, ಎರಡು ಚಮಚ ಸೋಡಾ. ಕಾಲುಂಗುರ ಹಾಳೆಗೆ ತಾಗುವಂತೆ ಇಳಿಸಿದಳು. ನೀರು ಸಣ್ಣಗೆ ನೊರೆಯಿತು, ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಹಿಡಿಯುತ್ತದಂತೆ. ಐದು ನಿಮಿಷದಲ್ಲಿ ಗೆರೆಗಳೊಳಗಿನ ಕಪ್ಪೂ ಹೋಯಿತು. ಅಮ್ಮ ಒರೆಸಿ ಅಲ್ಲೇ ಹಾಕಿಕೊಂಡು, "ಬ್ರಾಹ್ಮಣರ ವಿಭೂತಿಗಿಂತ ಇವರ ಸೋಡಾ ಜೋರುಂಟು," ಎಂದಳು. ಪುಳಿಯೋಗರೆಯ ಪಾಲು ಆ ದಂಪತಿಗೂ ಹೋಯಿತು. ಗಂಡ ಎರಡನೇ ಸಲ ಹಾಕಿಸಿಕೊಂಡು ಮೂರು ಲೋಟ ನೀರು ಕುಡಿದ.

ಅಲ್ಲಿಂದ ಪಿಲಿಗಾ ಕಾಡಿನೊಳಗೆ, ಮೈಲಿಗಟ್ಟಲೆ ಸೈಪ್ರೆಸ್ ಮರಗಳ ನಡುವೆ ಕೂನಬರಬ್ರನ್‌ಗೆ. ಗಾಜಿನ ಗೆರೆ ಚಾಲಕನ ಕಣ್ಣಿನ ಎತ್ತರಕ್ಕೆ ಬಾರದೆ ಕೆಳಗೇ ನಿಂತಿತ್ತು, ಸದ್ಯ.

ವಾಪಸು

ಸೈಡಿಂಗ್ ಸ್ಪ್ರಿಂಗ್‌ನ ಗುಮ್ಮಟದೊಳಗೆ 3.9 ಮೀಟರ್ ದೂರದರ್ಶಕ ನೋಡಿ, ಮಗಳ ಕೈಗೆ ಗ್ರಹಗಳ ಪಟ್ಟಿ ಕೊಟ್ಟು ಸಿಡ್ನಿ ಕಡೆ ಹೊರಟೆವು. ಸಿಗ್ನಲ್ ಬಂದ ಕೂಡಲೇ ಅಪ್ಪನ ಫೋನು. ಅಮ್ಮ ಸ್ಪೀಕರಿನಲ್ಲಿ ವರದಿ ಒಪ್ಪಿಸಿದಳು. ಮಂಡಿನೋವು ನೀರಿನಲ್ಲಿದ್ದಾಗ ಇಲ್ಲ, ಎದ್ದ ಮೇಲೆ ಅರ್ಧ ದಿನ ಕಡಿಮೆ, ಆಮೇಲೆ ಇದ್ದ ಹಾಗೆಯೇ. ಬೋರಿಗೆ ಮೋಟಾರಿಲ್ಲ ಎಂದಾಗ ಅಪ್ಪ ಎದ್ದು ಕೂತಿರಬೇಕು.

"ಮೋಟಾರಿಲ್ಲದೆ ಬರ್ತದಾ? ಎಷ್ಟು ಇಂಚು ನೀರು?"

ಇಂಚು ಗೊತ್ತಿಲ್ಲ, ಸೋಡಿಯಂ ಜಾಸ್ತಿ ಇರುವ ನೀರು, ಬೆಳೆಗೆ ಹಾಯಿಸಿದರೆ ಮಣ್ಣು ಗಟ್ಟಿಯಾಗಿ ಕೆಡುತ್ತದೆ ಎಂದು ನಾನು ನಡುವೆ ಬಾಯಿ ಹಾಕಿದೆ.

"ತೋಟಕ್ಕೆ ಬಿಡ್ಲಿಕ್ಕೆ ಆಗದಿದ್ರೆ ಮತ್ತೆಂತಕ್ಕೆ ಅದು?"

"ನಿಮ್ಮ ಹತ್ರ ಹೇಳಿ ಸುಖ ಇಲ್ಲ," ಎಂದು ಅಮ್ಮ ಫೋನಿಟ್ಟು, ಮುಂದೆ ಯಾವ ಗ್ರಹ ಎಂದು ಮೊಮ್ಮಗಳನ್ನು ಕೇಳಿದಳು.